ಷೋಗೆ ಯಾವ ಮೊಲ: ಮೈಕಟ್ಟು ಚೆನ್ನಾಗಿರುವುದೋ, ತುಪ್ಪಳ ಚೆನ್ನಾಗಿರುವುದೋ?

ಹೊಸಗೂಡು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಮಿನಿ ರೆಕ್ಸ್ ಮೊಲಗಳಿವೆ. ಒಂದು 7 ತಿಂಗಳ ಕಪ್ಪು ಗಂಡು, ಇನ್ನೊಂದು 8 ತಿಂಗಳ ಕ್ಯಾಸ್ಟರ್ (ಕೆಂಪುಗಂದು) ಬಣ್ಣದ ಹೆಣ್ಣು. ಮೂರು ವಾರದಲ್ಲಿ ಷೋ ಇದೆ. ಎಆರ್‌ಬಿಎ (ಅಮೆರಿಕದ ಮೊಲ ಸಾಕುವವರ ಸಂಘ) ನಿಯಮದ ಪ್ರಕಾರ ನಡೆಯುವ ಷೋ. ಇದು ನನಗೆ ಮೊದಲನೆಯದು, ಅದಕ್ಕೇ ಒಂದೇ ಮೊಲ ಸಾಕು ಅಂದುಕೊಂಡಿದ್ದೇನೆ.

ಗಂಡು ಎತ್ತಿಕೊಂಡರೆ ಗಟ್ಟಿಯಾಗಿದೆ, ಹಿಂಭಾಗ ದುಂಡಗಿದೆ. ಆದರೆ ಕೂದಲು ಉದುರುತ್ತಿದೆ. ಸೊಂಟದ ಹತ್ತಿರ ಅಡ್ಡಕ್ಕೆ ಒಂದು ಗೆರೆ ಕಾಣಿಸುತ್ತದೆ. ಹೆಣ್ಣಿನ ತುಪ್ಪಳ ಮಾತ್ರ ಸಖತ್ತಾಗಿದೆ. ಒಮ್ಮೆ ಮುಟ್ಟಿದವರು ಇನ್ನೊಮ್ಮೆ ಮುಟ್ಟದೆ ಬಿಡುವುದಿಲ್ಲ. ಆದರೆ ಅದರ ಮೈ ಉದ್ದ ಅನಿಸುತ್ತದೆ, ಹಿಂದೆ ಏನೋ ಸರಿಯಿಲ್ಲ. ಏನು ಅಂತ ಹೇಳೋಕೆ ಬರುತ್ತಿಲ್ಲ. ಫೋಟೋ ಹಾಕಿದ್ದೇನೆ. ಗಂಡು 1.8 ಕೆಜಿ, ಹೆಣ್ಣು 1.95 ಕೆಜಿ. ಯಾವುದನ್ನು ಒಯ್ಯಲಿ?

ಹಳೇಕೈ

ಫೋಟೋ ನೋಡಿ ಯಾರೂ ಉತ್ತರ ಹೇಳಬಾರದು, ಹೇಳಿದರೆ ನೀವು ನಂಬಬಾರದು. ಎರಡೂ ಫೋಟೋದಲ್ಲಿ ಮೊಲ ಮುಂಗಾಲು ಚಾಚಿ ಮಲಗಿದೆ. ಹಾಗೆ ಮಲಗಿದರೆ ಯಾವ ಮೊಲವೂ ಉದ್ದವೇ.

ಮೊದಲು ಸರಿಯಾಗಿ ಕೂರಿಸಿ. ಜಾರದ ಮೇಜಿನ ಮೇಲೆ ಒಂದು ಚಾಪೆ ತುಂಡು ಹಾಸಿ. ಮುಂಗಾಲಿನ ಪಾದ ಕಣ್ಣಿನ ನೇರಕ್ಕೆ ಬರಬೇಕು. ಹಿಂಗಾಲಿನ ಬೆರಳ ತುದಿ ಮೊಣಕಾಲಿನ ನೇರಕ್ಕೆ ಬರಬೇಕು. ಬಾಲ ಹೊರಗೆ ಎಳೆದಿಡಿ, ಪಾದದ ಕೆಳಗೆ ಸಿಕ್ಕಿಕೊಳ್ಳದಿರಲಿ. ಹಿಂದಿನಿಂದ ತಳ್ಳಿ ಮುದ್ದೆ ಮಾಡಬೇಡಿ. ಹೊಸಬರೆಲ್ಲ ಅದನ್ನೇ ಮಾಡುತ್ತಾರೆ. ಒತ್ತಿ ಕೂರಿಸಿದರೆ ಕೆಟ್ಟ ಬೆನ್ನೂ ಒಂದು ಕ್ಷಣ ದುಂಡಗೆ ಕಾಣುತ್ತದೆ, ಕೈ ಬಿಟ್ಟ ಕೂಡಲೇ ಮೊದಲಿನ ಹಾಗೇ.

ಕೂತ ಮೇಲೆ ಕೂಡಲೇ ಮುಟ್ಟಬೇಡಿ. ಅದು ಸಡಿಲವಾಗಿ ಉಸಿರಾಡಲಿ. ಆಮೇಲೆ ಕಣ್ಣು ಮುಚ್ಚಿಕೊಂಡು ಕೈ ಇಡಿ. ತಮಾಷೆಗೆ ಹೇಳುತ್ತಿಲ್ಲ. ತುಪ್ಪಳ ಚೆನ್ನಾಗಿದ್ದರೆ ಕಣ್ಣು ಮೋಸ ಹೋಗುತ್ತದೆ, ಬೆರಳಿಗೆ ಸಿಗುವುದು ಮೂಳೆ ಮತ್ತು ಮಾಂಸ. ಅಂಗೈಯನ್ನು ಕಿವಿಯ ಬುಡದಿಂದ ಬಾಲದ ತನಕ ಒಂದೇ ಸಮನೆ ಎಳೆಯಿರಿ. ಬೆನ್ನಿನ ಗೆರೆ ಎಲ್ಲಿ ಏರಲು ಶುರುವಾಗುತ್ತದೆ, ಎಲ್ಲಿ ತುದಿ ಮುಟ್ಟುತ್ತದೆ, ಎಲ್ಲಿ ಇಳಿಯುತ್ತದೆ? ಮಿನಿ ರೆಕ್ಸ್ ಕಾಂಪ್ಯಾಕ್ಟ್, ಅಂದರೆ ಗಿಡ್ಡ ದುಂಡನೆ ಮೈಕಟ್ಟಿನ ತಳಿ. ಕಿವಿಯ ಹಿಂದಿನಿಂದಲೇ ಏರಬೇಕು, ಸೊಂಟದ ನಡುಮಧ್ಯದ ಮೇಲೆ ಎತ್ತರ ಮುಟ್ಟಬೇಕು, ಅಲ್ಲಿಂದ ಬಾಲದ ಬುಡಕ್ಕೆ ಎಲ್ಲೂ ಮುರಿಯದೆ ಇಳಿಯಬೇಕು.

ಆಮೇಲೆ ಎರಡು ಹೆಬ್ಬೆರಳನ್ನು ಬೆನ್ನಿನ ಮೇಲಿಟ್ಟು ಉಳಿದ ಬೆರಳುಗಳನ್ನು ಪಕ್ಕಕ್ಕೆ ಇಳಿಬಿಡಿ. ಭುಜದ ಅಗಲ ನೋಡಿ, ಸೊಂಟದ ಅಗಲ ನೋಡಿ. ಕೊನೆಗೆ ಹಿಂಭಾಗವನ್ನು ಅಂಗೈಯಲ್ಲಿ ತುಂಬಿಕೊಳ್ಳಿ. ಬಾಲದ ಕೆಳಗೆ, ಮೇಜಿಗೆ ತಾಗುವ ಕಡೆ ಕೈಗೆ ಏನು ಸಿಗುತ್ತದೆ, ಬರೆಯಿರಿ.

ಉದ್ದಕಿವಿ

ಹಳೇಕೈ ಬಂದರು. ಇನ್ನು ನಾವೆಲ್ಲ ಕುರ್ಚಿ ಎಳೆದುಕೊಂಡು ಕೂರುವುದು 😀

ಹೊಸಗೂಡು

ಮಾಡಿ ನೋಡಿದೆ. ಗಂಡು ನೀವು ಹೇಳಿದ ಹಾಗೇ ಇದೆ. ಕಿವಿಯ ಹಿಂದಿನಿಂದ ಏರಿ ಹಿಂದೆ ಪೂರ್ತಿ ತುಂಬಿಕೊಂಡಿದೆ. ಅರ್ಧ ಚೆಂಡಿನ ಮೇಲೆ ಕೈ ಇಟ್ಟ ಹಾಗಾಯಿತು.

ಹೆಣ್ಣು ಬೇರೆ ಕಥೆ. ಭುಜದ ಹತ್ತಿರ ಬೆನ್ನು ಚಪ್ಪಟೆ. ಏರುವುದು ತಡವಾಗಿ ಶುರುವಾಗುತ್ತದೆ, ಅತಿ ಎತ್ತರದ ಜಾಗ ಬಾಲಕ್ಕೆ ತುಂಬಾ ಹತ್ತಿರ ಬರುತ್ತದೆ. ಹಿಂಭಾಗ ಹಿಡಿದಾಗ ಮೇಲೆ ಪರವಾಗಿಲ್ಲ, ಬಾಲದ ಕೆಳಗೆ ಬೆರಳು ಒಳಗೆ ಹೋಗುತ್ತದೆ. ಮಾಂಸ ಇಲ್ಲ. ಸೊಂಟದ ಮೂಳೆಯ ತುದಿ ಕೂಡ ಸ್ವಲ್ಪ ಕೈಗೆ ಸಿಗುತ್ತದೆ.

ಹಳೇಕೈ

ಚೆನ್ನಾಗಿ ಬರೆದಿದ್ದೀರಿ. ಭುಜದ ಹತ್ತಿರ ಚಪ್ಪಟೆ ಇದ್ದು ಏರಿಕೆ ತಡವಾದರೆ ಉದ್ದ ಭುಜ, ತಗ್ಗು ಭುಜ ಎನ್ನುತ್ತಾರೆ. ಮೈ ಉದ್ದ ಕಾಣುವುದಕ್ಕೆ ಅದೇ ಕಾರಣ. ಬಾಲದ ಕೆಳಗೆ ಬೆರಳು ಒಳಗೆ ಹೋಗುವುದು ಅಂಡರ್‌ಕಟ್. ಇದನ್ನು ಚಾಪ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಚಾಪ್ ಅಂದರೆ ಬೆನ್ನಿನ ಗೆರೆ ಸೊಂಟ ದಾಟಿದ ಕೂಡಲೇ ಕತ್ತರಿಸಿದಂತೆ ನೇರ ಕೆಳಗೆ ಬೀಳುವುದು. ಹಿಂದಿನಿಂದ ನೋಡಿದಾಗ ಕೆಳಗಡೆ ಎರಡೂ ತೊಡೆ ಒಳಕ್ಕೆ ಸೇರಿಕೊಂಡಿದ್ದರೆ ಪಿಂಚ್. ಇಂಥವು ಒಂದರ ಜೊತೆ ಒಂದು ಬರುವುದು ಜಾಸ್ತಿ. ನಿಮ್ಮದರಲ್ಲಿ ಪಿಂಚ್ ಇದೆಯೋ ಅಂತ ಹಿಂದಿನಿಂದ ಒಮ್ಮೆ ನೋಡಿ.

ಸೊಂಟದ ಮೂಳೆ ಸಿಗುವುದಕ್ಕೆ ಎರಡು ಕಾರಣ ಇರಬಹುದು. ಮೂಳೆಯ ರಚನೆಯೇ ಹಾಗಿರಬಹುದು, ಅಥವಾ ಮೈಯಲ್ಲಿ ಮಾಂಸ ಇಳಿದಿರಬಹುದು. ಬೆನ್ನುಮೂಳೆಯ ಮೇಲೆ ಬೆರಳಾಡಿಸಿ. ಗಂಟುಗಳು ಚೂಪಾಗಿ ಸಿಕ್ಕರೆ ಆಹಾರ ಸಾಲದು. ಬೆನ್ನು ಮುಚ್ಚಿಕೊಂಡಿದ್ದು ಸೊಂಟ ಮಾತ್ರ ಚುಚ್ಚಿದರೆ ಅದು ಹುಟ್ಟಿನಿಂದ ಬಂದದ್ದು. ಏನು ತಿನ್ನಿಸಿದರೂ ಸರಿಹೋಗುವುದಿಲ್ಲ.

ನನ್ನ ಮಟ್ಟಿಗೆ ಗಂಡನ್ನೇ ಒಯ್ಯಿರಿ. ತುಪ್ಪಳ ಹೋಗುತ್ತದೆ, ಬರುತ್ತದೆ. ಮೂಳೆ ಹಾಗಲ್ಲ.

ತುಪ್ಪಳಪ್ರೇಮಿ

ಇಲ್ಲಿ ನಾನು ಒಪ್ಪುವುದಿಲ್ಲ. ಇದು ಬೇರೆ ತಳಿಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಇದು ರೆಕ್ಸ್. ತುಪ್ಪಳ ಬಿಟ್ಟರೆ ರೆಕ್ಸ್‌ನಲ್ಲಿ ಏನಿದೆ ಹೇಳಿ?

1919ರಲ್ಲಿ ಫ್ರಾನ್ಸ್‌ನಲ್ಲಿ ಸಾಧಾರಣ ಮೊಲಗಳ ಗೂಡಿನಲ್ಲಿ ಈ ಗಿಡ್ಡ ತುಪ್ಪಳದ ಮರಿ ಕಾಣಿಸಿಕೊಂಡಿತು. ಆ ತುಪ್ಪಳ ಬೇಕು ಅಂತಲೇ ತಳಿ ಬೆಳೆಸಿದರು. ಮಾಮೂಲಿ ಮೊಲದಲ್ಲಿ ಒಳಗಿನ ಮೆತ್ತನೆ ಕೂದಲಿಗಿಂತ ಹೊರಗಿನ ಕಾವಲು ಕೂದಲು ಉದ್ದ ಇರುತ್ತದೆ. ರೆಕ್ಸ್‌ನಲ್ಲಿ ಅದು ಗಿಡ್ಡವಾಗಿ ಒಳಗೂದಲಿನ ಮಟ್ಟಕ್ಕೇ ನಿಲ್ಲುತ್ತದೆ. ಮೀಸೆ ಕೂಡ ಸುರುಳಿ, ಗಿಡ್ಡ. ಆ ಸಮತಟ್ಟೇ ಇದರ ಜೀವಾಳ.

ತುಪ್ಪಳವನ್ನು ಹೀಗೆ ನೋಡಿ. ಅಂಗೈಯನ್ನು ಬಾಲದಿಂದ ತಲೆಯ ಕಡೆಗೆ, ಉಲ್ಟಾ ಎಳೆಯಿರಿ. ಕೈಗೆ ಎದುರು ಒತ್ತಡ ಸಿಗಬೇಕು. ಕೂದಲು ನೆಟ್ಟಗೆ ನಿಂತಿರಬೇಕು, ಮೆತ್ತಗಿದ್ದೂ ಪುಟಿಯಬೇಕು. ರೇಷ್ಮೆಯಂತೆ ಜಾರಿ ಮಲಗಿಬಿಟ್ಟರೆ ಮುದ್ದಾಡುವವರಿಗೆ ಇಷ್ಟ ಆಗುತ್ತದೆ, ಜಡ್ಜ್‌ಗೆ ಅಲ್ಲ. ಉದ್ದ 5/8 ಇಂಚು, ಅಂದರೆ ಸುಮಾರು 1.6 ಸೆಂಟಿಮೀಟರ್ ಇದ್ದರೆ ಆದರ್ಶ. ಆಮೇಲೆ ಬಾಯಿಂದ ನಿಧಾನ ಊದಿ. ಚರ್ಮ ಎಷ್ಟು ಕಡಿಮೆ ಕಂಡರೆ ಅಷ್ಟು ದಟ್ಟ. ಬೆಳಕಿಗೆ ಅಡ್ಡ ಹಿಡಿದು ನೋಡಿ. ಮಟ್ಟದಿಂದ ಮೇಲೆ ಚಾಚಿರುವ ಕೂದಲು ಅಲ್ಲಲ್ಲಿ ಮಿನುಗಿದರೆ ಅವೇ ಉದ್ದವಾಗಿ ಉಳಿದ ಕಾವಲು ಕೂದಲು. ಅದು ದೋಷ.

ಕ್ಯಾಸ್ಟರ್ ಆದ್ದರಿಂದ ಊದಿದಾಗ ಬಣ್ಣವನ್ನೂ ನೋಡಿಬಿಡಿ. ಬುಡದಲ್ಲಿ ಕಡು ನೀಲಿಬೂದು, ನಡುವೆ ಕೆಂಪುಕಿತ್ತಳೆ ಪಟ್ಟಿ, ತುದಿಯಲ್ಲಿ ಕಪ್ಪು. ಮೂರೂ ಉಂಗುರದ ಹಾಗೆ ಬೇರೆಬೇರೆಯಾಗಿ ಕಾಣಬೇಕು.

ಆ ದಿನ ಮೇಜಿನ ಮೇಲೆ ಏನಿದೆಯೋ ಅದಕ್ಕೆ ಜಡ್ಜ್ ಅಂಕ ಕೊಡುತ್ತಾರೆ. ಮುಂದಿನ ತಿಂಗಳು ಹೇಗಿರುತ್ತದೆ ಅನ್ನುವುದಕ್ಕಲ್ಲ. ಉದುರುತ್ತಿರುವ ರೆಕ್ಸ್ ಒಯ್ದರೆ ಹಿಂದೆ ನಿಲ್ಲಿಸುತ್ತಾರೆ. ಹೆಣ್ಣನ್ನೇ ಒಯ್ಯಿರಿ.

ಹಳೇಕೈ

ರೆಕ್ಸ್‌ಗೆ ತುಪ್ಪಳ ಮುಖ್ಯ, ಯಾರು ಅಲ್ಲ ಅಂದರು? ಆದರೆ ಆ ಹೆಣ್ಣಿನ ಹಿಂಭಾಗ ನೋಡಿದ ಯಾವ ಜಡ್ಜ್ ತುಪ್ಪಳಕ್ಕೆ ಮನಸೋತು ಅದನ್ನು ಮರೆಯುತ್ತಾರೆ?

ತುಪ್ಪಳಪ್ರೇಮಿ

ಮರೆಯುವುದಿಲ್ಲ. ಅಂಕ ಕಳೆಯುತ್ತಾರೆ. ನಿಮ್ಮ ಗಂಡಿಗೆ ತುಪ್ಪಳದಲ್ಲಿ ಕಳೆಯುತ್ತಾರೆ. ಎಲ್ಲಿ ಜಾಸ್ತಿ ಕಳೆಯುತ್ತದೆ ಅನ್ನುವುದೇ ಪ್ರಶ್ನೆ.

ಚಾಚುಮೈ

ನಾನು ಹಿಮಾಲಯನ್ ಸಾಕುವವನು, ಸ್ವಲ್ಪ ಅಡ್ಡ ಬರುತ್ತೇನೆ. ಹಳೇಕೈ ಹೇಳಿದ ಕೂರಿಸುವ ಕ್ರಮ ಎಲ್ಲ ತಳಿಗೂ ಅಲ್ಲ. ಓದುವ ಬೇರೆಯವರು ತಪ್ಪು ತಿಳಿಯಬಾರದು.

ಎಆರ್‌ಬಿಎ ಲೆಕ್ಕದಲ್ಲಿ ಮೈಕಟ್ಟು ಐದು ಬಗೆ. ಕಾಂಪ್ಯಾಕ್ಟ್ ಬಗ್ಗೆ ಮೇಲೆ ಬಂತು. ಕಮರ್ಷಿಯಲ್ ಮೈಕಟ್ಟನ್ನು ಹೆಚ್ಚುಕಡಿಮೆ ಹಾಗೇ ಕೂರಿಸುತ್ತಾರೆ. ನ್ಯೂಜಿಲ್ಯಾಂಡ್, ಕ್ಯಾಲಿಫೋರ್ನಿಯನ್, ದೊಡ್ಡ ರೆಕ್ಸ್ ಎಲ್ಲ ಅದರಲ್ಲಿ ಬರುತ್ತವೆ. ಅಲ್ಲಿ ಮೈಯ ಅಗಲಕ್ಕೆ ತಕ್ಕ ಆಳ, ಗಟ್ಟಿ ಮಾಂಸ, ಅದರಲ್ಲೂ ಸೊಂಟದ ಮೇಲಿನ ಮಾಂಸ ಮುಖ್ಯ. ಸೆಮಿ ಆರ್ಚ್ ಅಥವಾ ಮ್ಯಾಂಡೊಲಿನ್‌ನಲ್ಲಿ ಕಮಾನು ಭುಜದ ಹಿಂದಿನಿಂದ ಶುರು. ಫ್ಲೆಮಿಷ್ ಜಯಂಟ್, ಇಂಗ್ಲಿಷ್ ಲಾಪ್ ಇಂಥವು. ಫುಲ್ ಆರ್ಚ್‌ನಲ್ಲಿ ಕಮಾನು ಕತ್ತಿನಿಂದಲೇ ಶುರು, ಹೊಟ್ಟೆಯ ಕೆಳಗೆ ಬೆಳಕು ಕಾಣಬೇಕು. ಇಂಗ್ಲಿಷ್ ಸ್ಪಾಟ್, ಚೆಕರ್ಡ್ ಜಯಂಟ್, ರೈನ್‌ಲ್ಯಾಂಡರ್ ಇವನ್ನು ಮುದುಡಿ ಕೂರಿಸಿದರೆ ಕಥೆ ಮುಗೀತು. ಮೇಜಿನ ಉದ್ದಕ್ಕೂ ಓಡಲು ಬಿಟ್ಟು ನೋಡುತ್ತಾರೆ. ಇಂಗ್ಲಿಷ್ ಸ್ಪಾಟ್‌ನಲ್ಲಂತೂ ಮೈಮೇಲಿನ ಚುಕ್ಕೆ, ಬೆನ್ನಿನ ಪಟ್ಟೆ, ಮೂಗಿನ ಮೇಲಿನ ಚಿಟ್ಟೆಯಾಕಾರದ ಗುರುತಿಗೇ ದೊಡ್ಡ ಪಾಲು ಅಂಕ.

ಐದನೆಯದು ಸಿಲಿಂಡ್ರಿಕಲ್. ಅದರಲ್ಲಿ ಇರುವುದು ನಮ್ಮ ಹಿಮಾಲಯನ್ ಒಂದೇ. ಮೇಜಿನ ಮೇಲೆ ಪೂರ್ತಿ ಚಾಚಿ, ಚಪ್ಪಟೆಯಾಗಿ ಮಲಗಿಸುತ್ತೇವೆ. ನಿಮ್ಮಲ್ಲಿ ದೋಷ ಅನ್ನಿಸಿದ ಉದ್ದನೆ ಮೈ ನಮ್ಮಲ್ಲಿ ಬೇಕೇ ಬೇಕು.

ಉದ್ದಕಿವಿ

ಮಾಮೂಲಿ ತುಪ್ಪಳದ ಬಗ್ಗೆಯೂ ಒಂದು ಮಾತು ಸೇರಿಸಿ ಯಾರಾದರೂ. ನನ್ನದು ಹಾಲೆಂಡ್ ಲಾಪ್. ಉಲ್ಟಾ ಸವರಿದರೆ ಕೂದಲು ನಿಧಾನಕ್ಕೆ ಹಿಂದಕ್ಕೆ ಬರುತ್ತದೆ. ಸತ್ತ ತುಪ್ಪಳ ಅಂತ ಒಬ್ಬರು ಹೆದರಿಸಿದರು.

ತುಪ್ಪಳಪ್ರೇಮಿ

ಹೆದರಬೇಡಿ. ಅದು ರೋಲ್‌ಬ್ಯಾಕ್, ಹಾಲೆಂಡ್ ಲಾಪ್‌ಗೆ ಹಾಗೇ ಇರಬೇಕು. ನೆದರ್‌ಲ್ಯಾಂಡ್ ಡ್ವಾರ್ಫ್‌ಗೂ ಅದೇ. ಸವರಿದ ತಕ್ಷಣ ಪಟ್ಟನೆ ಹಿಂದಕ್ಕೆ ಹಾರಿದರೆ ಫ್ಲೈಬ್ಯಾಕ್. ಡಚ್, ಹವಾನಾ, ನ್ಯೂಜಿಲ್ಯಾಂಡ್ ಆ ಜಾತಿ. ಸಿಲ್ವರ್ ಫಾಕ್ಸ್ ಎರಡೂ ಅಲ್ಲ. ಉಲ್ಟಾ ಸವರಿದರೆ ನೆಟ್ಟಗೆ ನಿಂತೇ ಇರುತ್ತದೆ, ನೀವೇ ಸವರಿ ಮಲಗಿಸಬೇಕು. ನಿಜವಾಗಿ ಸತ್ತ ತುಪ್ಪಳ ಆಗಿದ್ದರೆ ಮಂಕಾಗಿರುತ್ತದೆ, ಸವರಿದ ಕೈಗೆ ಕೂದಲು ಅಂಟಿಕೊಂಡು ಬರುತ್ತದೆ.

ಚಾಚುಮೈ

ಹೊಸಗೂಡು, ಗಂಡಿನ ಆ ಗೆರೆಯ ಬಗ್ಗೆ ಒಂದು ಪ್ರಶ್ನೆ. ಗೆರೆಯ ಮುಂದೆ, ತಲೆಯ ಕಡೆ ಇರುವುದು ಹೊಸ ಕೂದಲೋ ಹಳೆಯದೋ? ಉದುರುವುದು ಸಾಮಾನ್ಯವಾಗಿ ತಲೆ, ಕತ್ತಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಗೆರೆ ಸೊಂಟ ಮುಟ್ಟಿದ್ದರೆ ಹೆಚ್ಚು ಪಾಲು ಮುಗಿದಿದೆ ಅಂತ ಲೆಕ್ಕ.

ಹೊಸಗೂಡು

ಮುಂದೆ ಹೊಸದು! ಕಡುಕಪ್ಪು, ಹೊಳಪಿದೆ. ಗೆರೆಯ ಹಿಂದಿನದು ಸ್ವಲ್ಪ ಕಂದು ತಿರುಗಿದೆ. ಇದನ್ನು ಬೇಗ ಮುಗಿಸಲು ಏನಾದರೂ ಮಾಡಬಹುದಾ? ಸ್ನಾನ ಮಾಡಿಸಿದರೆ ಉದುರುತ್ತದೆ ಅಂತ ಎಲ್ಲೋ ಓದಿದೆ.

ತುಪ್ಪಳಪ್ರೇಮಿ

ಸ್ನಾನ ಬೇಡವೇ ಬೇಡ. ಮೊಲಕ್ಕೆ ನೀರು ದೊಡ್ಡ ಗಾಬರಿ. ದಟ್ಟ ತುಪ್ಪಳ ಒಣಗುವುದೂ ಇಲ್ಲ, ಮೈ ತಣ್ಣಗಾಗಿ ಕಾಯಿಲೆ ಬೀಳುತ್ತದೆ.

ಅಂಗೈಯನ್ನು ಬರೀ ತೇವ ಮಾಡಿಕೊಳ್ಳಿ. ತಲೆಯಿಂದ ಬಾಲಕ್ಕೆ ದಿನಕ್ಕೊಮ್ಮೆ ಸವರಿ. ಸಡಿಲವಾದ ಕೂದಲು ಕೈಗೆ ಬರುತ್ತದೆ. ರೆಕ್ಸ್‌ಗೆ ತಂತಿ ಬ್ರಷ್ ಮುಟ್ಟಿಸಬೇಡಿ, ಕೂದಲು ಮುರಿಯುತ್ತದೆ. ಗೆರೆ ಕಾಣದ ಹಾಗೆ ಕಿತ್ತು ತೆಗೆಯುವುದು, ಕತ್ತರಿ ಹಾಕುವುದು, ಬಣ್ಣ ಹಚ್ಚುವುದು ಇದೆಲ್ಲ ಮೋಸದ ಲೆಕ್ಕಕ್ಕೆ ಬರುತ್ತದೆ, ಅನರ್ಹ ಮಾಡುತ್ತಾರೆ. ಒಣಹುಲ್ಲು ಧಾರಾಳ ಕೊಡಿ. ಉದುರುವ ಕಾಲದಲ್ಲಿ ಮೊಲ ಮೈ ನೆಕ್ಕಿ ಕೂದಲು ನುಂಗುತ್ತದೆ, ನಾರಿನಂಶ ಇದ್ದರೆ ಅದು ಹೊಟ್ಟೆಯಿಂದ ಸಾಗುತ್ತದೆ. ಹೊಸ ಕೂದಲು ಬರಲು ಪ್ರೋಟೀನ್ ಬೇಕು, ಆದರೆ ಒಂದೇ ದಿನದಲ್ಲಿ ಆಹಾರ ಬದಲಿಸಿ ಹೊಟ್ಟೆ ಕೆಡಿಸಬೇಡಿ.

ಕಪ್ಪು ಮೊಲವನ್ನು ನೇರ ಬಿಸಿಲಿಂದ ದೂರ ಇಡಿ. ಕಪ್ಪು ಕಂದು ತಿರುಗುವುದಕ್ಕೆ ಬಿಸಿಲೂ ಕಾರಣ.

ಚಾಚುಮೈ

ನಮ್ಮಲ್ಲಿ ಬಿಸಿಲಲ್ಲ, ಚಳಿ. ಹಿಮಾಲಯನ್‌ನ ಮೂಗು, ಕಿವಿ, ಕಾಲು, ಬಾಲ ಕಪ್ಪಾಗುವುದು ತಣ್ಣಗಿರುವ ಜಾಗದಲ್ಲಿ ಮಾತ್ರ ಬಣ್ಣ ಕೂಡುವುದರಿಂದ. ಗೂಡು ಬಿಸಿಯಾದರೆ ಬಣ್ಣ ಮಂಕು, ಜಾಸ್ತಿ ತಣ್ಣಗಾದರೆ ಬಿಳಿ ಇರಬೇಕಾದ ಮೈಮೇಲೂ ಮಸಿ. ಯಾರ ಕಷ್ಟ ಯಾರಿಗೆ ಹೇಳುವುದು.

ಲೆಕ್ಕದಪುಟ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಮಾತು ಯಾರೂ ಹೇಳಲಿಲ್ಲ. ಇವೆರಡೂ ಒಂದೇ ಕ್ಲಾಸ್‌ನಲ್ಲಿ ನಿಲ್ಲುವುದೇ ಇಲ್ಲ ಅಲ್ವಾ? ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಬಣ್ಣಕ್ಕೂ ಬೇರೆ. ಇಬ್ಬರಿಗೂ 6 ತಿಂಗಳು ದಾಟಿದೆ, ಆದ್ದರಿಂದ ಸೀನಿಯರ್. ಒಂದು ಕಪ್ಪು ಸೀನಿಯರ್ ಗಂಡುಗಳ ಜೊತೆ, ಇನ್ನೊಂದು ಕ್ಯಾಸ್ಟರ್ ಸೀನಿಯರ್ ಹೆಣ್ಣುಗಳ ಜೊತೆ. ಎರಡೂ ಅವರವರ ಬಣ್ಣದಲ್ಲಿ ಗೆದ್ದರೆ ಮಾತ್ರ ಮುಂದೆ ಎದುರುಬದುರು. ಹಾಗಿರುವಾಗ ಇದಾ ಅದಾ ಅಂತ ಜಗಳ ಯಾಕೆ? ಎರಡನ್ನೂ ಒಯ್ಯಲಿ.

ತೂಕದ ಬಗ್ಗೆ: ಮಿನಿ ರೆಕ್ಸ್ ಸೀನಿಯರ್ ಗಂಡಿಗೆ ಗರಿಷ್ಠ 4.25 ಪೌಂಡ್, ಅಂದರೆ ಸುಮಾರು 1.93 ಕೆಜಿ. ಹೆಣ್ಣಿಗೆ 4.5 ಪೌಂಡ್, ಸುಮಾರು 2.04 ಕೆಜಿ. ಹೆಣ್ಣು ಅಂಚಿನಲ್ಲಿದೆ. ಸೊಂಟದ ಮೂಳೆ ಮುಚ್ಚಲಿ ಅಂತ ಈಗ ಜಾಸ್ತಿ ತಿನ್ನಿಸಿದರೆ ತೂಕ ಮೀರಿ ಅನರ್ಹ ಆಗುತ್ತದೆ, ಮೂಳೆ ಹಾಗೇ ಇರುತ್ತದೆ.

ಹಳೇಕೈ

ಲೆಕ್ಕದಪುಟ ಹೇಳಿದ್ದು ಸರಿ. ಎರಡೂ ಹೋಗಲಿ.

ಆದರೆ ಹೊರಡುವ ಮುಂಚೆ ಮೈಕಟ್ಟು, ತುಪ್ಪಳ ಎರಡನ್ನೂ ಮರೆತು ಮೊಲವನ್ನು ಮಗುಚಿ ನೋಡಿ. ಅನರ್ಹ ಆಗುವುದು ಹೆಚ್ಚಾಗಿ ಹೊಟ್ಟೆಯ ಕಡೆಯಿಂದ. ಮೇಲಿನ ಮುಂಹಲ್ಲು ಕೆಳಗಿನದರ ಮುಂದೆ ಬರಬೇಕು. ತುದಿಗೆ ತುದಿ ತಾಗಿದರೆ, ಕೆಳಗಿನದು ಮುಂದೆ ಬಂದರೆ ಆಯಿತು, ವಾಪಸ್. ಹದಿನೆಂಟೂ ಉಗುರು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಬಣ್ಣದ ಮೊಲದಲ್ಲಿ ಒಂದೇ ಒಂದು ಬಿಳಿ ಉಗುರು ಸಾಕು ಹೊರಹಾಕಲು. ಮುಂಗಾಲಿನ ಒಳಬದಿಯ ಸಣ್ಣ ಉಗುರು ತುಪ್ಪಳದಲ್ಲಿ ಮುಚ್ಚಿಕೊಂಡಿರುತ್ತದೆ, ಅದನ್ನೇ ಎಲ್ಲರೂ ಬಿಡುವುದು. ಬಾಲವನ್ನು ಬುಡದಿಂದ ತುದಿಗೆ ಎರಡು ಬೆರಳಲ್ಲಿ ಸವರಿ, ಗಂಟು ತಿರುಚು ಇರಬಾರದು. ಕಿವಿ ಒಳಗೆ ಕಜ್ಜಿ, ಮೂಗಿನಲ್ಲಿ ಸೋರಿಕೆ, ಮುಂಗಾಲಿನ ಒಳಬದಿ ಅಂಟಿಕೊಂಡ ಕೂದಲು ಇವನ್ನೂ ನೋಡಿ. ಎಡಗಿವಿಯ ಹಚ್ಚೆ ಓದುವಂತಿರಬೇಕು.

ರೆಕ್ಸ್ ಆದ್ದರಿಂದ ಹಿಂಗಾಲಿನ ಅಂಗಾಲು ತಪ್ಪದೆ ನೋಡಿ. ಅಲ್ಲಿ ಕೂದಲು ತೆಳು, ಬೇಗ ಹುಣ್ಣಾಗುತ್ತದೆ. ಗೂಡಿನ ತಳ ತಂತಿಯಾದರೆ ಇವತ್ತೇ ಒಂದು ಹಲಗೆ ಹಾಕಿ.

ಹೊಸಗೂಡು

ಉಗುರು, ಹಲ್ಲು, ಬಾಲ ಎಲ್ಲ ಸರಿ ಇದೆ. ಎರಡರ ಹೆಸರನ್ನೂ ಷೋಗೆ ಕೊಟ್ಟಾಯಿತು. ಹಲಗೆಯೂ ಹಾಕಿದೆ.

ಹೊಸಗೂಡು

ಷೋ ಮುಗಿಸಿ ಬಂದೆ. ಹೆಣ್ಣು ತನ್ನ ಕ್ಲಾಸ್‌ನಲ್ಲಿ ಎರಡನೆಯದು. ಜಡ್ಜ್ ಹೇಳಿದ್ದನ್ನು ಕಾರ್ಡ್‌ನಲ್ಲಿ ಬರೆದುಕೊಟ್ಟಿದ್ದಾರೆ: ತುಪ್ಪಳ ತುಂಬಾ ದಟ್ಟ, ಪುಟಿತ ಚೆನ್ನ, ಭುಜ ಉದ್ದ, ಹಿಂಭಾಗ ಅಂಡರ್‌ಕಟ್. ಗಂಡು ನಾಲ್ಕನೆಯದು. ಬೆನ್ನಿನ ಗೆರೆ ಅಂದಿನ ಕಪ್ಪು ಗಂಡುಗಳಲ್ಲೇ ಚೆನ್ನ, ಆದರೆ ಸೊಂಟದ ಹಿಂದೆ ತುಪ್ಪಳ ಗಿಡ್ಡ, ಮಟ್ಟ ಇಲ್ಲ. ಗೆರೆ ಹೋಗಿತ್ತು, ಹೊಸ ಕೂದಲು ಪೂರ್ತಿ ಉದ್ದಕ್ಕೆ ಬಂದಿರಲಿಲ್ಲ.

ತುಪ್ಪಳಪ್ರೇಮಿ

ಎರಡು, ನಾಲ್ಕು. ನಾನು ಏನೂ ಹೇಳುವುದಿಲ್ಲ 😀

ಹಳೇಕೈ

ಹೇಳಿ, ಪರವಾಗಿಲ್ಲ. ಆ ದಿನದ ಮೇಜಿಗೆ ನಿಮ್ಮ ಮಾತೇ ಸರಿ. ಮರಿ ಹಾಕಿಸಲು ಯಾವುದನ್ನು ಉಳಿಸಿಕೊಳ್ಳುತ್ತೀರಿ, ಅದನ್ನೂ ಹೇಳಿ.

ತುಪ್ಪಳಪ್ರೇಮಿ

ಗಂಡನ್ನು. ಅದರಲ್ಲಿ ಜಗಳ ಇಲ್ಲ. ಆದರೆ ಹೆಣ್ಣನ್ನೂ ಬಿಡುವುದಿಲ್ಲ. ಅಷ್ಟು ದಟ್ಟ ತುಪ್ಪಳ ಸುಲಭಕ್ಕೆ ಸಿಗುವುದಿಲ್ಲ.

ಹೊಸಗೂಡು

ಹಾಗಾದರೆ ಇವೆರಡನ್ನೇ ಜೋಡಿ ಮಾಡಬಹುದಾ? ಸಂಬಂಧಿಕರಲ್ಲ.

ಹಳೇಕೈ

ಮಾಡಿ. ಎರಡೂ ರೆಕ್ಸ್, ಆದ್ದರಿಂದ ಮರಿಗಳೆಲ್ಲ ರೆಕ್ಸ್ ತುಪ್ಪಳದವೇ. ಬಣ್ಣದಲ್ಲಿ ಕ್ಯಾಸ್ಟರ್ ಬರುತ್ತದೆ. ತಾಯಿ ಒಳಗೆ ಒಂದೇಬಣ್ಣದ ಗುಣ ಹೊತ್ತಿದ್ದರೆ ಕಪ್ಪೂ ಬರುತ್ತದೆ. ಆದರೆ ಅಪ್ಪನ ಹಿಂಭಾಗ, ಅಮ್ಮನ ತುಪ್ಪಳ ಎರಡೂ ಒಂದೇ ಮರಿಗೆ ಅಳತೆ ಮಾಡಿ ಹಂಚಿಕೊಂಡು ಬರುವುದಿಲ್ಲ. ಕೆಲವಕ್ಕೆ ಅಮ್ಮನ ಭುಜವೂ ಬರುತ್ತದೆ.

8 ವಾರದ ಸುಮಾರಿಗೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಕೂರಿಸಿ, ಮೇಲೆ ಹೇಳಿದ ಹಾಗೇ ಕೈಯಾಡಿಸಿ. ಆಗ ಕಾಣುವ ಅಳತೆಯನ್ನು ನಾನು ನಂಬುತ್ತೇನೆ. ಅದಾದ ಮೇಲೆ 3, 4 ತಿಂಗಳಲ್ಲಿ ಮೈ ಎಳೆದುಕೊಂಡು ವಿಕಾರವಾಗಿ ಕಾಣುತ್ತವೆ, ಕಿವಿ, ಕಾಲು ಬೇರೆಬೇರೆ ವೇಗದಲ್ಲಿ ಬೆಳೆಯುತ್ತವೆ. ಆ ಹೊತ್ತಿನಲ್ಲಿ ಯಾವುದನ್ನೂ ಮಾರಬೇಡಿ, ಯಾವುದನ್ನೂ ಹೊಗಳಬೇಡಿ. ಮರಿಯ ತುಪ್ಪಳಕ್ಕೂ ಈಗಲೇ ಅಂಕ ಕೊಡಬೇಡಿ, ದೊಡ್ಡವರ ತುಪ್ಪಳ ಬರುವುದು ಆಮೇಲೆ.

ತುಪ್ಪಳಪ್ರೇಮಿ

ಒಂದು ತಿದ್ದುಪಡಿ. ಮರಿಯಲ್ಲೂ ದಟ್ಟಣೆ ಸ್ವಲ್ಪ ಗೊತ್ತಾಗುತ್ತದೆ. ಕಾಲಿನ ಮೇಲೆ, ಅಂಗಾಲಿನ ಮೇಲೆ ಕೂದಲು ಚೆನ್ನಾಗಿ ತುಂಬಿರುವ ಮರಿಯನ್ನು ಬೇರೆ ಗುರುತು ಮಾಡಿ ಇಡಿ. ಮರಿ ಹುಟ್ಟಿದ ಮೇಲೆ ಇಲ್ಲೇ ಬರೆಯಿರಿ, ಹೊಸ ಚರ್ಚೆ ತೆರೆಯಬೇಡಿ, ಹುಡುಕೋಕೆ ಕಷ್ಟ.